ಊರಿನ ಸಾಹಿತ್ಯ ಸಂಘದ ಜಾಲತಾಣಕ್ಕೆ ಯಾವ ತಂತ್ರಾಂಶ ಸೂಕ್ತ?

ಜಾಲತಾಣವನ್ನು ಕಟ್ಟುವವರು ಯಾರು ಎಂಬುದಕ್ಕಿಂತ, ಎರಡು ವರ್ಷಗಳ ನಂತರ ಅದಕ್ಕೆ ಕಾರ್ಯಕ್ರಮದ ವರದಿ ಏರಿಸುವವರು ಯಾರು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. ಕೋಡ್ ಬಾರದ ಕಾರ್ಯದರ್ಶಿಯೇ ಆ ಕೆಲಸ ಮಾಡುವುದಾದರೆ, 2003ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ ವರ್ಡ್‌ಪ್ರೆಸ್ ಸಾಕು. ತಂತ್ರಾಂಶ ಉಚಿತ, ಹೋಸ್ಟಿಂಗ್ (ತಾಣವನ್ನು ಇಡುವ ಸರ್ವರ್ ಜಾಗ) ಮತ್ತು ತಾಣದ ವಿಳಾಸವಾದ ಡೊಮೇನ್‌ಗೆ ಮಾತ್ರ ಹಣ ತೆರಬೇಕು. ಆದರೆ ಹೆಚ್ಚುವರಿ ಸೌಲಭ್ಯಕ್ಕೆಂದು ಜೋಡಿಸುವ ಅದರ ಪ್ಲಗಿನ್‌ಗಳನ್ನು ನವೀಕರಿಸದೆ ಬಿಟ್ಟರೆ ದಾಳಿಕೋರರಿಗೆ ಬಾಗಿಲು ತೆರೆದಿಟ್ಟಂತೆಯೇ ಸರಿ. ಅಪರೂಪಕ್ಕೆ ಬದಲಾಗುವ ನಾಲ್ಕೈದು ಪುಟಗಳಷ್ಟೇ ಇದ್ದು, ಸದಸ್ಯರಲ್ಲೊಬ್ಬರು ಕಮಾಂಡ್ ಲೈನ್ (ಆದೇಶಗಳನ್ನು ಟೈಪ್ ಮಾಡಿ ಕಂಪ್ಯೂಟರ್ ನಡೆಸುವ ವಿಧಾನ) ಬಲ್ಲವರಾಗಿದ್ದರೆ, ಡೇಟಾಬೇಸಿನ ಗೊಡವೆಯೇ ಇಲ್ಲದೆ ಸಿದ್ಧ ಪುಟಗಳನ್ನು ತಯಾರಿಸಿಕೊಡುವ ತಂತ್ರಾಂಶ ಹ್ಯೂಗೋ ಹೆಚ್ಚು ನೆಮ್ಮದಿ. ಕೋಡ್ ಇಲ್ಲದೆ ತಾಣ ಕಟ್ಟಲು ನೆರವಾಗುವ ಅಂತರ್ಜಾಲ ಸೇವೆ ವಿಕ್ಸ್‌ನ ಬಳಕೆ ಸುಲಭ, ಆದರೆ ಅಲ್ಲಿ ಕಟ್ಟಿದ ತಾಣವನ್ನು ಇದ್ದಂತೆಯೇ ಬೇರೆ ಸರ್ವರಿಗೆ ಒಯ್ಯಲಾಗದು. ನನಗಂತೂ ಇದು ದೊಡ್ಡ ಕೊರತೆ.

ಹೆಚ್ಚಿನವರು ಮರೆಯುವುದು ಕನ್ನಡದ ಪರೀಕ್ಷೆಯನ್ನು. ಥೀಮ್ ಎಂದರೆ ತಾಣದ ಸಿದ್ಧ ವಿನ್ಯಾಸ. ಇಂಗ್ಲಿಷಿಗೆಂದು ರೂಪಿಸಿದ ಅನೇಕ ಥೀಮ್‌ಗಳಲ್ಲಿ ಸಾಲುಗಳ ನಡುವಿನ ಅಂತರ ಕಡಿಮೆಯಿರುವುದರಿಂದ, ‘ರಾಷ್ಟ್ರೀಯ’ದಂತಹ ಪದದ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟು, ಗುಡಿಸುಗಳಿಗೆ ತಾಗುತ್ತವೆ. ಆದ್ದರಿಂದ ಥೀಮ್ ಆರಿಸುವ ಮುನ್ನ ಅಂತಹ ಪದಗಳಿರುವ ಒಂದು ಪ್ಯಾರಾವನ್ನು ಅಂಟಿಸಿ ಮೊಬೈಲಿನಲ್ಲಿ ನೋಡಿ; ಸಾಲಿನ ಅಂತರವನ್ನು ಅಕ್ಷರದ ಗಾತ್ರದ 1.7 ಪಟ್ಟಿನಷ್ಟಿಟ್ಟು, ನೋಟೋ ಸಾನ್ಸ್ ಕನ್ನಡ ಫಾಂಟ್ ಜೋಡಿಸಿದರೆ ಓದು ಸಲೀಸಾಗುತ್ತದೆ. ಸಂಘದ ಹಳೆಯ ಬರಹಗಳು ‘ನುಡಿ’ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿದ್ದರೆ (ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಸಂಕೇತಗಳಾಗಿ ಉಳಿಸುವ ಹಳೆಯ ಬಗೆ), ಅವನ್ನು ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತವಿರುವ ಯೂನಿಕೋಡಿಗೆ ಪರಿವರ್ತಿಸಿಯೇ ಏರಿಸಬೇಕು, ಇಲ್ಲವಾದರೆ ಯಾವ ತಂತ್ರಾಂಶದಲ್ಲಿ ಕಟ್ಟಿದರೂ ಅವು ಗೂಗಲ್ ಹುಡುಕಾಟದಲ್ಲಿ ಸಿಗುವುದಿಲ್ಲ.