ಚಳಿಯೂರಿನಿಂದ ಮಗಳ ಊರಿಗೆ

ಪ್ರಶ್ನೆ: ನನಗೆ 68 ವರ್ಷ, ಊಟಿಯಲ್ಲಿ ಒಬ್ಬಳೇ ಇದ್ದೇನೆ. ಡಿಸೆಂಬರ್ ಬಂತೆಂದರೆ ಮೊಣಕಾಲು ಬಿಗಿದು, ಬೆಳಗ್ಗೆ ಹಾಸಿಗೆಯಿಂದ ಏಳುವುದೇ ಕಷ್ಟ. ಕಾಸರಗೋಡಿನ ಬಳಿಯ ಕುಂಬಳೆಯಲ್ಲಿರುವ ಮಗಳು ‘ಮನೆ ಮಾರಿ ಬಂದುಬಿಡಮ್ಮ’ ಎನ್ನುತ್ತಾಳೆ. ಹೋಗಲೇ?

ಉತ್ತರ: ಹೋಗಿ, ಆದರೆ ಮನೆಯನ್ನು ಈಗಲೇ ಮಾರಬೇಡಿ. ಸುಮಾರು 2,240 ಮೀಟರ್ ಎತ್ತರದ ಊಟಿಯ ಚಳಿಯಲ್ಲಿ ಬಿಗಿಯುವ ಕೀಲುಗಳು ಕರಾವಳಿಯ ಬೆಚ್ಚನೆಯ ಹವೆಯಲ್ಲಿ ಸಡಿಲಗೊಂಡಾವು. ಕೀಲಿನ ಸವೆತ ಮಾತ್ರ ಊರು ಬದಲಿಸಿದರೆ ವಾಸಿಯಾಗದು, ಆದ್ದರಿಂದ ಮೊದಲು ಮೂಳೆ ವೈದ್ಯರಿಗೆ ತೋರಿಸಿ. ಕಾಸರಗೋಡಿನ ಕಡೆ ಏಪ್ರಿಲ್‌ನಲ್ಲಿ ಫ್ಯಾನಿನ ಕೆಳಗೆ ಕುಳಿತರೂ ಬೆವರು ಆರುವುದಿಲ್ಲ. ಜೂನ್‌ನಿಂದ ಸುರಿಯುವ ಮಳೆಗಾಲದಲ್ಲಿ ಒಗೆದ ಸೀರೆ ಎರಡು ದಿನ ಹಗ್ಗದ ಮೇಲೆಯೇ ತಣ್ಣಗೆ ತೂಗುತ್ತಿರುತ್ತದೆ, ಅಂಗಳದ ಕಲ್ಲು ಪಾಚಿಗಟ್ಟಿ ಜಾರುತ್ತದೆ. ನಿಮ್ಮ ಕಾಲಿಗೆ ಚಳಿಗಿಂತ ಆ ಜಾರಿಕೆಯೇ ಅಪಾಯ ಎಂದು ನನಗನ್ನಿಸುತ್ತದೆ. ಹಾಗಾಗಿ ಏಪ್ರಿಲ್‌ನಲ್ಲೊಮ್ಮೆ, ಜುಲೈಯಲ್ಲೊಮ್ಮೆ ತಿಂಗಳ ಮಟ್ಟಿಗೆ ಮಗಳಲ್ಲಿ ಇದ್ದು ನೋಡಿ. ಭಾಷೆಯ ಚಿಂತೆ ಬೇಡ. ಮಲಯಾಳ, ತುಳುಗಳ ಜೊತೆಗೆ ಅಲ್ಲಿ ಕನ್ನಡವೂ ದಿನನಿತ್ಯದ ಮಾತು. ದೊಡ್ಡ ಆಸ್ಪತ್ರೆಗಳಿರುವ ಮಂಗಳೂರಿಗೆ ರೈಲೂ ಇದೆ. ಒಗ್ಗಿತೆಂದರೆ ಊಟಿಯ ಮನೆಯನ್ನು ಒಂದು ವರ್ಷ ಬಾಡಿಗೆಗೆ ಕೊಟ್ಟು, ಮಾರುವ ಮಾತನ್ನು ಆಮೇಲೆ ಮಗಳೊಂದಿಗೆ ಕುಳಿತು ಆಡಿ.