ಕೊರತೆ ಬಿದ್ದರೆ ಕಟ್ಟುವವರು ಅಲ್ಲಿನ ಜನರೇ
ಇಟಲಿಯಲ್ಲಿ ಒಂದು ಪ್ರಾಂತದ ಸರ್ಕಾರಿ ಆಸ್ಪತ್ರೆಗಳ ಖರ್ಚು ಕೈಮೀರಿದರೆ ರೋಮ್ ಸುಮ್ನೆ ದುಡ್ಡು ಕೊಡುತ್ತಾ ಅಂತ ಕೇಳಿದ್ದೀರಿ. ಕೊಡುತ್ತದೆ, ಆದರೆ ಹಿಡಿತ ಜಾಸ್ತಿ. 2007ರಿಂದ ಇಂಥ ಪ್ರಾಂತಗಳು ಕೇಂದ್ರದ ಜೊತೆ ಕೊರತೆ ಇಳಿಸುವ ಒಪ್ಪಂದ ಮಾಡಿಕೊಂಡಿವೆ. ಗುರಿ ತಪ್ಪಿದರೆ ಅಲ್ಲಿನವರ ಆದಾಯ ತೆರಿಗೆ ದರಕ್ಕೆ ಇನ್ನೂ 0.30, ಉದ್ಯಮಗಳ ತೆರಿಗೆ ದರಕ್ಕೆ 0.15 ಪರ್ಸೆಂಟ್ ಪಾಯಿಂಟ್ ತಾನಾಗಿಯೇ ಸೇರುತ್ತದೆ. ಆಸ್ಪತ್ರೆಯ ಸಾಲ ಕೊನೆಗೆ ಸಂಬಳದವರ ತಲೆಗೇ ಬಂತು, ಅಲ್ವಾ?

ದಕ್ಷಿಣ ಇಟಲಿಯ ಕಲಾಬ್ರಿಯ ಪ್ರಾಂತವನ್ನೇ ನೋಡಿ. 2010ರಲ್ಲಿ ಆಸ್ಪತ್ರೆಗಳ ಖರ್ಚು ಹಿಡಿತಕ್ಕೆ ತರಲು ಕೇಂದ್ರ ನೇಮಿಸಿದ ಕಮಿಷನರ್ ಬಂದರು. ನೇಮಕಾತಿ ನಿಂತಿತು, ಸಣ್ಣ ಆಸ್ಪತ್ರೆಗಳು ಮುಚ್ಚಿದವು. ಜನ ಆಪರೇಷನ್‌ಗೆ ಉತ್ತರದ ಊರುಗಳಿಗೆ ಹೊರಟರು. ತಮಾಷೆ ಅಂದರೆ, ಆ ಬಿಲ್ಲನ್ನೂ ಕಲಾಬ್ರಿಯವೇ ಕಟ್ಟಬೇಕು! ಕೊನೆಗೆ ಡಾಕ್ಟರುಗಳು ಸಾಲದೆ ಕ್ಯೂಬಾದಿಂದ ಕರೆಸಿಕೊಂಡರು. ನನ್ನ ಪ್ರಕಾರ, ನೇಮಕಾತಿ ನಿಲ್ಲಿಸುವ ಮೊದಲು ಹೊರಗೆ ಹೋಗುವ ರೋಗಿಗಳನ್ನು ತಡೆಯುವ ಲೆಕ್ಕ ಹಾಕಬೇಕಿತ್ತು.