ಕ್ರೂಸ್ ಹಡಗಿನಲ್ಲಿ ಡ್ರಿಂಕ್ ಪ್ಯಾಕೇಜ್ ಕೊಳ್ಳಬೇಕೇ?

ಸಿಂಗಾಪುರದಿಂದ ರಾಯಲ್ ಕೆರಿಬಿಯನ್‌ನ 4 ರಾತ್ರಿಗಳ ಪ್ರವಾಸ ಕಾದಿರಿಸಿರುವ ತುಮಕೂರಿನ ದಂಪತಿ, ಪತಿಯೊಬ್ಬರೇ ಮದ್ಯ ಸೇವಿಸುವುದಾದರೆ ಮದ್ಯವೂ ಸೇರಿದಂತೆ ಪಾನೀಯಗಳಿಗೆ ಒಟ್ಟಾಗಿ ದಿನದ ದರ ಕಟ್ಟುವ ಡೀಲಕ್ಸ್ ಪ್ಯಾಕೇಜ್ ಲಾಭವೇ, ಸದಸ್ಯತ್ವದ ಉಚಿತ ಪಾನೀಯಗಳು ತಮಗೂ ದೊರೆಯುವವೇ ಎಂದು ಕೇಳಿದ್ದಾರೆ.

ಬೇಡವೆಂದೇ ನನ್ನ ಸಲಹೆ. ಒಂದೇ ಕೋಣೆಯ ಒಬ್ಬ ವಯಸ್ಕರು ಮದ್ಯದ ಪ್ಯಾಕೇಜ್ ಕೊಂಡರೆ ಉಳಿದ ವಯಸ್ಕರೂ ಕೊಳ್ಳಬೇಕೆಂಬುದು ಆ ಕಂಪನಿಯ ಸಾಮಾನ್ಯ ನಿಯಮ. ನಮ್ಮ ಕಡೆಯ ಎಷ್ಟೋ ಕುಟುಂಬಗಳಿಗೆ ಭಾರವಾಗುವುದು ಇದೇ. ಕುಡಿಯದವರಿಗೆ ಮದ್ಯರಹಿತ ರಿಫ್ರೆಶ್‌ಮೆಂಟ್ ಪ್ಯಾಕೇಜ್ ಸಾಕೆಂದು ಮೊದಲೇ ವಿನಂತಿಸಿದರೆ ಒಪ್ಪುವುದುಂಟು. ದಿನದ ದರವನ್ನು ಪ್ರವಾಸದ ಅಷ್ಟೂ ದಿನಗಳಿಗೆ, ನೀವು ಬಂದರಿನಲ್ಲಿಳಿದು ಊರು ಸುತ್ತುವ ದಿನಕ್ಕೂ ಸೇರಿಸಿ ಕಟ್ಟಬೇಕು, ಅದರ ಮೇಲೆ ಶೇಕಡ 18ರಷ್ಟು ಸೇವಾ ಶುಲ್ಕ ಬೇರೆ.

ಉಚಿತ ಪಾನೀಯದ ಆಸೆಯಂತೂ ಈ ಪ್ರವಾಸಕ್ಕೆ ಬೇಡ. ಕಂಪನಿಯ ಸದಸ್ಯತ್ವ ಯೋಜನೆಯಾದ ಕ್ರೌನ್ ಅಂಡ್ ಆಂಕರ್ ಸೊಸೈಟಿಯಲ್ಲಿ ರಾತ್ರಿಗೊಂದು ಅಂಕ, ಸೂಟ್ ಎಂಬ ಐಷಾರಾಮಿ ಕೋಣೆಯಲ್ಲಿ ಎರಡು. ದಿನಕ್ಕೆ 4 ಪಾನೀಯ ಕೊಡುವ ಡೈಮಂಡ್ ದರ್ಜೆಗೆ 80 ಅಂಕ ಬೇಕು, ಎಂದರೆ ಸಾಮಾನ್ಯ ಕೋಣೆಯಲ್ಲಿ ಇಂಥ 20 ಪ್ರವಾಸಗಳು. ನೀರು, ಸಾಧಾರಣ ಕಾಫಿ, ಚಹಾ ಟಿಕೆಟ್‌ನಲ್ಲೇ ಸೇರಿವೆ. ಸಂಜೆಗೊಂದೆರಡು ಪೆಗ್ ಸಾಕೆನ್ನುವವರು ಬಿಡಿಯಾಗಿ ಕೊಳ್ಳಲಿ. ಪ್ಯಾಕೇಜೇ ಬೇಕಿದ್ದರೆ ಹಡಗು ಹತ್ತುವ ಮೊದಲೇ ಆನ್‌ಲೈನ್‌ನಲ್ಲಿ ಕಾದಿರಿಸಿ, ಸಾಮಾನ್ಯವಾಗಿ ಅಲ್ಲಿ ರಿಯಾಯಿತಿ ಇರುತ್ತದೆ.